ಪಾನ್ ಅಂಗಡಿ ಕಂಡ ಕೂಡಲೇ ತಲೆಯೊಳಗೆ ಏನಾಗುತ್ತೆ?

[ದೃಶ್ಯ: ದಾವಣಗೆರೆ ಜಯದೇವ ವೃತ್ತ, ಸಂಜೆ]

ಮಂಡಕ್ಕಿ-ಮೆಣಸಿನಕಾಯಿ ತಿಂದಾಯ್ತು, ಚಾ ಕುಡಿದಾಯ್ತು. ಗುಟ್ಕಾ ಬಿಟ್ಟು ನಾಲ್ಕು ದಿನ ಆದವರಿಗೂ ಅಂಗಡಿ ಮುಂದೆ ತೂಗೋ ಚೀಟಿ ಸರ ಕಂಡರೆ ಬಾಯಲ್ಲಿ ನೀರು. ಚೀಟಿ ಇನ್ನೂ ಹರಿದೇ ಇಲ್ಲ!

[ಆನಿಮೇಷನ್: ಮೆದುಳಿನ ಸೀಳುನೋಟ]

ನಡುಮೆದುಳಿನಲ್ಲಿ ವೆಂಟ್ರಲ್ ಟೆಗ್ಮೆಂಟಲ್ ಏರಿಯಾ ಅಂತ ಒಂದು ಪುಟ್ಟ ಜಾಗ. ಅಲ್ಲಿಂದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಅನ್ನೋ ಇನ್ನೊಂದು ಜಾಗಕ್ಕೆ ಹೋಗೋ ನರಗಳು ಡೋಪಮೈನ್ ಅನ್ನೋ ರಾಸಾಯನಿಕ ಸುರಿಸ್ತವೆ. ಅದನ್ನ ‘ಖುಷಿ ರಾಸಾಯನಿಕ’ ಅಂತಾರೆ. ಆ ಹೆಸರು ದಾರಿ ತಪ್ಪಿಸುತ್ತೆ. ಡೋಪಮೈನ್ ಮುಖ್ಯವಾಗಿ ಹೇಳೋದು "ಇದು ಬೇಕು, ಇಲ್ಲಿ ಸಿಗುತ್ತೆ, ನೆನಪಿಟ್ಕೋ" ಅಂತ. 1990ರ ದಶಕದಲ್ಲಿ ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ ಮಂಗಗಳಲ್ಲಿ ಇದನ್ನ ಕಂಡ್ರು. ಮೊದಲು ಹಣ್ಣಿನ ರಸ ಸಿಕ್ಕಾಗ ಮಿಡಿಯುತ್ತಿದ್ದ ನರಕೋಶಗಳು, ರೂಢಿಯಾದ ಮೇಲೆ ರಸ ಬರುತ್ತೆ ಅನ್ನೋ ಸೂಚನೆಗೇ ಮಿಡಿದವು. ಆ ಚೀಟಿ ಸರವೂ ಅಂಥದ್ದೇ ಸೂಚನೆ.

ಗುಟ್ಕಾದ ತಂಬಾಕಿನಲ್ಲಿರೋ ನಿಕೋಟಿನ್ ಈ ನರಕೋಶಗಳ ಅಸಿಟೈಲ್‌ಕೋಲಿನ್ ಗ್ರಾಹಕಗಳಿಗೆ, ಅಂದ್ರೆ ಅಸಿಟೈಲ್‌ಕೋಲಿನ್ ಅನ್ನೋ ಮೆದುಳಿನದೇ ರಾಸಾಯನಿಕ ಕೂರೋ ಜಾಗಗಳಿಗೆ ಅಂಟುತ್ತೆ. ದಿನಾ ಹಾಕಿದರೆ ಗ್ರಾಹಕಗಳ ಸಂಖ್ಯೆಯೇ ಏರುತ್ತೆ. ರಕ್ತದ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧಕ್ಕಿಳಿದಾಗ ಅವು ಖಾಲಿ ಬೀಳ್ತವೆ, ಚಡಪಡಿಕೆ ಶುರು. ವರ್ಷಗಟ್ಟಲೆ ಹಾಕಿದವರಲ್ಲಿ ಹಿಡಿತ ಡಾರ್ಸಲ್ ಸ್ಟ್ರಯೇಟಮ್‌ಗೆ, ಅಂದ್ರೆ ರೂಢಿಯ ಜಾಗಕ್ಕೆ ಜಾರುತ್ತೆ. ಆಗ ಮನಸ್ಸು ‘ಬೇಡ’ ಅನ್ನೋ ಮೊದಲೇ ಕೈ ಜೇಬಿಗೆ ಹೋಗಿರುತ್ತೆ. ತಡೆಯೋ ಬ್ರೇಕು ಹಣೆಯ ಹಿಂದಿನ ಮೆದುಳು. ನಿದ್ದೆಗೆಟ್ಟಾಗ ಅದು ಸರಿಯಾಗಿ ಹಿಡಿಯಲ್ಲ. ಮನೆಯವರು ಇದನ್ನ ‘ಕೊಬ್ಬು’ ಅಂತ ಬೈಬೇಡಿ, ದಯವಿಟ್ಟು.

"ತಂಬಾಕು ಬಿಟ್ಟೆ, ಬರೀ ಅಡಿಕೆ" ಅನ್ನೋರು ನಮ್ಮ ಚನ್ನಗಿರಿ ಕಡೆ ಬಹಳ. ಅಡಿಕೆಯ ಅರೆಕೋಲಿನ್ ಕೂಡ ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನೇ ಕೆಣಕುತ್ತೆ. ಬಾಯಿ ಕ್ಯಾನ್ಸರ್‌ಗೆ ಅಡಿಕೆಯೊಂದೇ ಸಾಕು.

[ದೃಶ್ಯ: ನಿಕೋಟಿನ್ ಗಮ್, ಹತ್ತಿರದಿಂದ]

ತಂಬಾಕು ಬಿಟ್ಟ ಮೊದಲ 3 ದಿನ ತೀರಾ ಕಷ್ಟ, 3-4 ವಾರಕ್ಕೆ ಬಹಳಷ್ಟು ಇಳಿಯುತ್ತೆ. ಆ ಚಡಪಡಿಕೆ ತಗ್ಗಿಸೋಕೆ ಕೊಡೋ ನಿಕೋಟಿನ್ ಗಮ್ ಎಷ್ಟೋ ಸಲ ಸೋಲೋದು ಅಗಿಯೋ ರೀತಿಯಿಂದ. ಗುಟ್ಕಾ ಥರ ಜಗಿದು ಉಗುಳಿದರೆ ಔಷಧ ಹೊರಗೆ. ರಸ ನುಂಗಿದರೆ ಬಿಕ್ಕಳಿಕೆ. ನಿಧಾನಕ್ಕೆ ಅಗಿದು, ಚುರುಗುಟ್ಟಿದಾಗ ಕೆನ್ನೆ-ವಸಡಿನ ನಡುವೆ ಇಡಿ. ಚುರುಕು ಆರಿದ ಮೇಲೆ ಮತ್ತೆ ಅಗಿಯಿರಿ. ಒಂದು ಗಮ್‌ಗೆ 30 ನಿಮಿಷ. ಅದಕ್ಕೆ 15 ನಿಮಿಷ ಮೊದಲಿನಿಂದ ಕಾಫಿ, ಸೋಡಾ ಬೇಡ, ಆಮ್ಲ ಇದ್ದರೆ ನಿಕೋಟಿನ್ ಬಾಯಲ್ಲಿ ಹೀರಲ್ಲ. ಚೀಟಿ ಸರ ಕಾಣದ ಬೀದಿ ಹಿಡಿದು ಮನೆಗೆ ಹೋಗಿ, ಇದೂ ಚಿಕಿತ್ಸೆಯೇ. ತಂಬಾಕು ಬಿಡೋ ಉಚಿತ ಸಹಾಯವಾಣಿ 1800-11-2356.

ಕುಡಿತದ ವಿಷಯ ಬೇರೆ. ದಿನಾ ಹೆಚ್ಚು ಕುಡಿಯೋರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಅವರು ವೈದ್ಯರನ್ನ ಕಂಡ ಮೇಲೇ ಬಿಡಬೇಕು.