ತೋಳದ ಕೊನೆಯ ಮಾತು

ಸಭಿಕರೆಲ್ಲರಿಗೂ ನಮಸ್ಕಾರ.

ಈಸೋಪನ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ತೋಳ ಮತ್ತು ನಾಯಿಯ ಕಥೆ. ಹಸಿವಿನಿಂದ ಬಡಕಲಾದ ತೋಳಕ್ಕೆ ಮೈತುಂಬಿಕೊಂಡ ನಾಯಿಯೊಂದು ಎದುರಾಗುತ್ತದೆ. ಯಜಮಾನನ ಮನೆ ಕಾದರೆ ಹೊಟ್ಟೆ ತುಂಬ ಊಟ, ತಲೆಯ ಮೇಲೊಂದು ಸೂರು ಎಂದು ನಾಯಿ ಕರೆಯುತ್ತದೆ. ತೋಳ ಹೊರಟೇಬಿಡುತ್ತದೆ. ದಾರಿಯಲ್ಲಿ ನಾಯಿಯ ಕುತ್ತಿಗೆಯ ರೋಮ ಸವೆದಿರುವುದು ಅದರ ಕಣ್ಣಿಗೆ ಬೀಳುತ್ತದೆ. ‘ಇದೇನು?’ ‘ಏನಿಲ್ಲ, ಹಗಲು ಕಟ್ಟಿಹಾಕುತ್ತಾರೆ, ರಾತ್ರಿ ಎಚ್ಚರವಾಗಿರಲಿ ಎಂದು.’ ತೋಳ ಅಲ್ಲಿಂದಲೇ ಹಿಂದಿರುಗುತ್ತದೆ.

ಈಸೋಪ ಸ್ಯಾಮೋಸ್ ದ್ವೀಪದ ಇಯಾಡ್ಮನ್ ಎಂಬವನ ಗುಲಾಮನಾಗಿದ್ದ ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಕಥೆಯನ್ನು ಲ್ಯಾಟಿನ್ ಪದ್ಯಕ್ಕೆ ತಂದ ಫೀಡ್ರಸ್, ಹಸ್ತಪ್ರತಿಗಳು ಹೇಳುವಂತೆ, ಚಕ್ರವರ್ತಿ ಅಗಸ್ಟಸ್ ಬಿಡುಗಡೆ ಮಾಡಿದ ದಾಸ. ಕೊರಳಪಟ್ಟಿ ಎಲ್ಲಿ ಉಜ್ಜುತ್ತದೆ ಎಂಬುದನ್ನು ಬಲ್ಲವರ ಕಥೆ ಇದು. ಬ್ಯಾಬ್ರಿಯಸ್‌ನ ಗ್ರೀಕ್ ಪದ್ಯರೂಪದ ಈಸೋಪನ ಕಥೆಗಳ ಹಸ್ತಪ್ರತಿ ಗ್ರೀಸಿನ ಆಥೋಸ್ ಬೆಟ್ಟದಲ್ಲಿ ಸಿಕ್ಕಿ ಅಚ್ಚಾದದ್ದು 1844ರಲ್ಲಿ. ಅದಕ್ಕೂ ಹಿಂದಿನ ಇಂಗ್ಲಿಷ್ ಅನುವಾದಕರಿಗೆ ಈ ಕಥೆ ದಕ್ಕಿದ್ದು ಮುಖ್ಯವಾಗಿ ಲ್ಯಾಟಿನ್ ದಾರಿಯಿಂದ.

ಅವರಲ್ಲಿ ಇಬ್ಬರ ಜಗಳವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲನೆಯವನು ರೋಜರ್ ಲೆಸ್ಟ್ರೇಂಜ್. ಕಟ್ಟಾ ರಾಜನಿಷ್ಠ. ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ರಾಜನ ಪರ ನಿಂತು ಮರಣದಂಡನೆಗೆ ಗುರಿಯಾಗಿ, ಜೀವ ಉಳಿದರೂ ನ್ಯೂಗೇಟ್ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆತ. ರಾಜತ್ವ ಮರಳಿದ ಮೇಲೆ ದೇಶದ ಮುದ್ರಣಾಲಯಗಳ ಮೇಲ್ವಿಚಾರಕನಾದ, ಏನು ಅಚ್ಚಾಗಬಹುದು ಎಂದು ತೀರ್ಮಾನಿಸುವ ಅಧಿಕಾರ ಹಿಡಿದ. ರಾಜನನ್ನು ಪಟ್ಟದಿಂದ ಇಳಿಸಿದ 1688ರ ಕ್ರಾಂತಿಯಲ್ಲಿ ಅದೆಲ್ಲ ಹೋಯಿತು. 1692ರಲ್ಲಿ ಈಸೋಪನನ್ನು ಪ್ರಕಟಿಸಿದ. ಪ್ರತಿ ಕಥೆಯ ಕೆಳಗೆ ನೀತಿ, ಅದರ ಕೆಳಗೆ ಉದ್ದನೆಯ ಚಿಂತನೆ. ತೋಳದ ಕಥೆಯ ಚಿಂತನೆಯಲ್ಲಿ ಅವನು ಹೇಳುವುದು ಇಷ್ಟು: ಇಲ್ಲಿ ಸ್ವಾತಂತ್ರ್ಯವೆಂದರೆ ಮನಸ್ಸಿನ ಸ್ವಾತಂತ್ರ್ಯವೆಂದು ತಿಳಿಯಬೇಕು.

ಎರಡನೆಯವನು ಸ್ಯಾಮ್ಯುಯೆಲ್ ಕ್ರಾಕ್ಸಲ್, ರಾಜನ ಅಧಿಕಾರಕ್ಕೆ ಮಿತಿ ಬೇಕೆನ್ನುತ್ತಿದ್ದ ವಿಗ್ ಪಕ್ಷದ ಕಡೆಯ ಪಾದ್ರಿ. 1722ರಲ್ಲಿ ತನ್ನ ಅನುವಾದ ತಂದಾಗ ಮುನ್ನುಡಿಯಲ್ಲೇ ಲೆಸ್ಟ್ರೇಂಜನ ಮೇಲೆ ಹರಿಹಾಯ್ದ. ಇನ್ನೊಂದು ಬಗೆಯ ಸ್ವಾತಂತ್ರ್ಯವನ್ನು ಅರಿತ ಯಾರೂ ಈ ಕಥೆಯನ್ನು ಹಾಗೆ ಓದಿರಲಾರರು ಎಂದ. ಬ್ರಿಟನ್ನಿನ ಮಕ್ಕಳು ತಾಯಿಯ ಹಾಲಿನೊಂದಿಗೇ ಸ್ವಾತಂತ್ರ್ಯವನ್ನು ಕುಡಿಯುವವರು, ಅವರಿಗೆ ಇಂಥ ನೀತಿ ಬೇಡ ಎಂದ. ಈ ವಾದದಲ್ಲಿ ನಾನು ಪೂರ್ತಿಯಾಗಿ ಕ್ರಾಕ್ಸಲ್‌ನ ಕಡೆ. ಸವೆದ ಕುತ್ತಿಗೆಯನ್ನು ತೋರಿಸಿ ಮನಸ್ಸಿನ ಮಾತಾಡುವುದು ನಾಯಿಗೂ ತೋಳಕ್ಕೂ ಮಾಡುವ ಅನ್ಯಾಯ.

ಆದರೆ ಟಿಪ್ಪಣಿಯನ್ನು ಕೈಯಿಂದ ಮುಚ್ಚಿ ಕಥೆಯನ್ನಷ್ಟೇ ಓದಿ ನೋಡಿ. ಫೀಡ್ರಸ್‌ನ ತೋಳ ‘ನನ್ನ ಸ್ವಾತಂತ್ರ್ಯ ಹೋಗುವುದಾದರೆ ರಾಜನಾಗುವುದೂ ನನಗೆ ಬೇಡ’ ಎನ್ನುತ್ತದೆ. ಕ್ರಾಕ್ಸಲ್ ಇದನ್ನು ಉಳಿಸಿಕೊಂಡ: ಅವನ ತೋಳವೂ ನೀನು ಹೇಳುವ ಕರಾರಿಗೆ ಒಪ್ಪಿ ರಾಜನೂ ಆಗಲಾರೆ ಎನ್ನುತ್ತದೆ. ಲೆಸ್ಟ್ರೇಂಜನಲ್ಲಿ ತೋಳದ ಬಾಯಿಂದ ರಾಜನ ಮಾತೇ ಮಾಯ. ತೋಳ, ನಾಯಿ ಭೇಟಿಯಾಗುವುದು ರಾಜಮಾರ್ಗದಲ್ಲಿ, ರಾಜನಿಗೆ ಅಷ್ಟೇ ಜಾಗ. ‘ಕೊರಳಪಟ್ಟಿಯ ವಿಷಯ ಇದೆ ಎಂದಾದರೆ, ಒಂದು ತುಂಡು ಒಣರೊಟ್ಟಿಗೆ ಸ್ವಾತಂತ್ರ್ಯ ಮಾರುವಷ್ಟು ದಡ್ಡ ನಾನಲ್ಲ’ ಎಂಬ ಅರ್ಥದ ಮಾತಾಡಿ ತೋಳ ಹೊರಟುಹೋಗುತ್ತದೆ.

ರಾಜನನ್ನು ತೆಗೆದದ್ದು ಅವನ ನಿಷ್ಠೆಯಿಂದಲೋ ಏನೋ, ಕಥೆಗಂತೂ ಅದರಿಂದ ಲಾಭವೇ ಆಯಿತು. ಹಸಿದ ಪ್ರಾಣಿ ಸಿಂಹಾಸನದ ಮಾತಾಡುವುದಿಲ್ಲ, ಅದರ ಲೆಕ್ಕವೆಲ್ಲ ರೊಟ್ಟಿಯದು. ಬೆಲೆ ಎಷ್ಟು ಚಿಕ್ಕದಾಗಿ ಕಾಣುತ್ತದೋ ನಿರಾಕರಣೆ ಅಷ್ಟು ಗಟ್ಟಿಯಾಗಿ ಕೇಳಿಸುತ್ತದೆ. ಮುದ್ರಣದ ಮೇಲೆ ಕಾವಲಿದ್ದ ಮನುಷ್ಯನೇ ತೋಳಕ್ಕೆ ಇಷ್ಟು ಒಳ್ಳೆಯ ಮಾತು ಕೊಟ್ಟಿದ್ದಾನೆ. ಹಾಗಾಗಿ ಮಕ್ಕಳಿಗೆ ಈ ಕಥೆ ಓದಿ ಹೇಳುವವರಿಗೆ ನನ್ನ ಸಲಹೆ ಇಷ್ಟೇ: ಕಥೆಗೆ ಲೆಸ್ಟ್ರೇಂಜನನ್ನು ಹಿಡಿಯಿರಿ, ಅವನ ಚಿಂತನೆಯನ್ನು ಬಿಟ್ಟು ಕ್ರಾಕ್ಸಲ್‌ನ ಮುನ್ನುಡಿಯನ್ನು ನೀವು ಓದಿಕೊಳ್ಳಿ.