ಉಪ್ಪು ತಿಂದವರು ಕುಡಿದ ನೀರು ಹೋಗುವುದೆಲ್ಲಿಗೆ?

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯೊಂದು ಹಲವು ದಿನಗಳಿಂದ ನನ್ನ ತಲೆಯಲ್ಲಿ ಕುಳಿತಿದೆ: ಊಟದಲ್ಲಿ ಉಪ್ಪು ಹೆಚ್ಚಾದ ದಿನ ನೀರು ಚೆನ್ನಾಗಿ ಕುಡಿದರೆ ಅದೆಲ್ಲ ತೊಳೆದುಹೋಗುವುದಿಲ್ಲವೇ? ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾವು ತಪ್ಪು ಮಾಡಿದವರಿಗೆ ಅನ್ವಯಿಸುತ್ತೇವೆ. ಶರೀರದ ಮಟ್ಟಿಗಂತೂ ಅದು ಅಕ್ಷರಶಃ ನಿಜ. ಆದರೆ ಹಾಗೆ ಕುಡಿದ ನೀರು ಎಲ್ಲಿಗೆ ಹೋಗುತ್ತದೆ?

ಮೂಲ ವಿಷಯವನ್ನು ಬೇಗ ಮುಗಿಸೋಣ. ಅಡುಗೆ ಉಪ್ಪೆಂದರೆ ಸೋಡಿಯಂ ಕ್ಲೋರೈಡ್. ಅದರ ತೂಕದಲ್ಲಿ ಶೇ. 40ರಷ್ಟು ಸೋಡಿಯಂ. ನರ, ಸ್ನಾಯುಗಳ ಕೆಲಸಕ್ಕೆ ಅದು ಬೇಕೇ ಬೇಕು. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ, ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

[ದೃಶ್ಯ: ಭರಣಿಯೊಳಗೆ ಮಾವಿನ ಮಿಡಿ]

ಮಲೆನಾಡಿನ ಮನೆಗಳಲ್ಲಿ ಮಿಡಿಯನ್ನು ಉಪ್ಪಿಗೆ ಹಾಕುವುದನ್ನು ನೋಡಿದವರಿಗೆ ಮುಂದಿನದನ್ನು ವಿವರಿಸುವ ಅಗತ್ಯವೇ ಇಲ್ಲ. ತೊಳೆದು, ಒರೆಸಿ, ನೆರಳಲ್ಲಿ ಆರಿಸಿದ ಮಿಡಿಗಳ ಒಂದು ಪದರ, ಅದರ ಮೇಲೆ ಹರಳುಪ್ಪಿನ ಒಂದು ಪದರ, ಮತ್ತೆ ಮಿಡಿ, ಮತ್ತೆ ಉಪ್ಪು. ಒದ್ದೆ ಕೈ ತಾಗಿದರೂ ಬೂಸಲು ಬಂದೀತೆಂಬ ಭಯದಿಂದ ಒಂದು ತೊಟ್ಟು ನೀರನ್ನೂ ಸೋಕಿಸುವುದಿಲ್ಲ. ಕೆಲವು ದಿನಗಳ ನಂತರ ಭರಣಿಯ ಬಟ್ಟೆ ಬಿಚ್ಚಿದರೆ ಹರಳುಗಳು ಕರಗಿಹೋಗಿವೆ, ಗಟ್ಟಿಯಾಗಿ ದುಂಡಗಿದ್ದ ಮಿಡಿಗಳು ಚಿರುಟಿ ಸುಕ್ಕುಗಟ್ಟಿವೆ, ಸುತ್ತಲೂ ನೀರು ತುಂಬಿದೆ. ಆ ನೀರನ್ನು ಯಾರೂ ಹೊಯ್ದದ್ದಲ್ಲ. ಅದು ಮಿಡಿಯದೇ ನೀರು. ಉಪ್ಪು ಎಲ್ಲಿದೆಯೋ ಅಲ್ಲಿಗೆ ನೀರು ಹೊರಟು ಬಂದಿದೆ.

ನಮ್ಮೊಳಗೆ ನಡೆಯುವುದೂ ಇದೇ. ಶರೀರದ ಜೀವಕೋಶಗಳು ಸೋಡಿಯಂ ಅನ್ನು ಬಿಡುವಿಲ್ಲದೆ ಹೊರಗೆ ದೂಡುತ್ತಿರುವುದರಿಂದ ನಾವು ತಿಂದ ಉಪ್ಪು ಹೆಚ್ಚಾಗಿ ರಕ್ತದಲ್ಲಿ ಮತ್ತು ಕೋಶಗಳ ಸುತ್ತಲಿನ ದ್ರವದಲ್ಲಿ ಉಳಿಯುತ್ತದೆ. ಅಲ್ಲಿ ಉಪ್ಪು ಹೆಚ್ಚಿದೊಡನೆ ಕೋಶಗಳೊಳಗಿನ ನೀರು ಹೊರಬರುತ್ತದೆ. ಮೆದುಳಿನ ಹೈಪೊಥಲಾಮಸ್ ಭಾಗದ ಕೆಲವು ಕೋಶಗಳು ಆ ಮಿಡಿಯಂತೆಯೇ ಚೂರು ಕುಗ್ಗುತ್ತವೆ. ಆ ಕುಗ್ಗುವಿಕೆಯೇ ನಮಗೆ ಬಾಯಾರಿಕೆಯಾಗಿ ತಿಳಿಯುವುದು. ಅದೇ ಹೊತ್ತಿಗೆ, ನೀರನ್ನು ಹೊರಬಿಡಬೇಡವೆಂದು ಮೂತ್ರಪಿಂಡಕ್ಕೆ ಹಾರ್ಮೋನಿನ ಸಂದೇಶವೂ ಹೋಗುತ್ತದೆ.

ಆಸ್ಪತ್ರೆಯಲ್ಲಿ ಡ್ರಿಪ್‌ಗೆ ಹಾಕುವ ಸಲೈನ್ ಬಾಟಲಿಯ ಮೇಲೆ 0.9% ಎಂದು ಬರೆದಿರುತ್ತದೆ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಹೆಚ್ಚುಕಡಿಮೆ ನಮ್ಮ ರಕ್ತದಷ್ಟೇ ಸಾಂದ್ರತೆ. ಹಾಗಾಗಿ ಮೈಯಲ್ಲಿ 9 ಗ್ರಾಂ ಉಪ್ಪು ಹೆಚ್ಚಾಗಿ ಉಳಿದುಕೊಂಡರೆ ಅದರ ಜೊತೆ ಸುಮಾರು ಒಂದು ಲೀಟರ್ ನೀರೂ ಉಳಿಯಬೇಕಾಗುತ್ತದೆ. ವೀಕ್ಷಕರ ಪ್ರಶ್ನೆಗೆ ಉತ್ತರ ಇಲ್ಲಿದೆ: ಬಾಯಾರಿಕೆಗೆ ನೀರು ಕುಡಿಯಲೇಬೇಕು, ಆದರೆ ಆ ನೀರು ಉಪ್ಪನ್ನು ತೊಳೆಯುವುದಿಲ್ಲ, ಅದರ ಜೊತೆಗೇ ನಿಲ್ಲುತ್ತದೆ. ಬೆವರಿನಲ್ಲಿ ಹೋಗುವ ಅಲ್ಪಸ್ವಲ್ಪ ಬಿಟ್ಟರೆ ಉಪ್ಪನ್ನು ಹೊರಹಾಕುವುದು ಮೂತ್ರಪಿಂಡದ ಕೆಲಸ.

ಆ ಮೂತ್ರಪಿಂಡಗಳೋ ಉಪ್ಪನ್ನು ಉಳಿಸುವುದರಲ್ಲಿ ನಿಪುಣ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿರುವ ಸುಮಾರು ಒಂದೂವರೆ ಕೆ.ಜಿ. ಉಪ್ಪಿನಲ್ಲಿ ಕೆಲವೇ ಗ್ರಾಂ ಬಿಟ್ಟು ಉಳಿದದ್ದನ್ನೆಲ್ಲ ರಕ್ತಕ್ಕೆ ಮರಳಿಸುತ್ತವೆ. ಉಪ್ಪು ದುರ್ಲಭವಾಗಿದ್ದ ಕಾಲಕ್ಕೆ ಒಗ್ಗಿದ ಅಂಗವಿದು. 1988ರಲ್ಲಿ ಪ್ರಕಟವಾದ, 32 ದೇಶಗಳ 52 ಕಡೆ ನಡೆದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ, ಉಪ್ಪನ್ನೇ ಬಳಸದ ಅಮೆಜಾನ್ ಕಾಡಿನ ಯಾನೊಮಾಮಿ ಜನರ ಸರಾಸರಿ ರಕ್ತದೊತ್ತಡ ಸುಮಾರು 96/61 ಇತ್ತು. ವಯಸ್ಸಾದಂತೆ ಅದು ಏರುತ್ತಲೂ ಇರಲಿಲ್ಲ. ನಮ್ಮಲ್ಲಿ ವಯಸ್ಸಾದ ಮೇಲೆ ಬಿ.ಪಿ. ಬರುವುದು ಸಹಜ ಎನ್ನುವ ಮಾತನ್ನು ನಾನು ಒಪ್ಪದಿರುವುದು ಇದರಿಂದಲೇ. ಹೆಚ್ಚು ಉಪ್ಪನ್ನು ಹೊರದೂಡಲು ಮೂತ್ರಪಿಂಡಕ್ಕೆ ಹೆಚ್ಚು ಒತ್ತಡ ಬೇಕಾಗುತ್ತದೆ. ವರ್ಷಗಟ್ಟಲೆ ಆ ಒತ್ತಡವನ್ನು ತಾಳುವುದು ಹೃದಯ, ಮೆದುಳಿನ ರಕ್ತನಾಳಗಳು ಮತ್ತು ಸ್ವತಃ ಮೂತ್ರಪಿಂಡಗಳು. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹೀಗಾಗುವುದಿಲ್ಲ. ವಯಸ್ಸಾದವರಿಗೆ, ಮಧುಮೇಹಿಗಳಿಗೆ, ಈಗಾಗಲೇ ಬಿ.ಪಿ. ಇರುವವರಿಗೆ ಪರಿಣಾಮ ಹೆಚ್ಚು.

ಈಗ ನಿಮ್ಮ ಮನೆಯ ಲೆಕ್ಕ. ನಾಲ್ಕು ಜನರಿಗೆ ತಲಾ 5 ಗ್ರಾಂನಂತೆ ದಿನಕ್ಕೆ 20 ಗ್ರಾಂ, ಒಂದು ಕೆ.ಜಿ. ಪ್ಯಾಕೆಟ್ 50 ದಿನ ಬರಬೇಕು. ತಿಂಗಳಿಗೇ ಮುಗಿಯುತ್ತಿದ್ದರೆ ತಲಾ 8 ಗ್ರಾಂ ದಾಟಿದೆ ಎಂದರ್ಥ, ಬೇಕರಿಯ ಬ್ರೆಡ್ಡು, ಖಾರದ ಮಿಕ್ಸ್ಚರು, ಅಂಗಡಿಯ ಹಪ್ಪಳ ಇದರಲ್ಲಿ ಸೇರಿಲ್ಲ. ಪ್ಯಾಕೆಟ್ ಒಡೆದ ದಿನವೇ ಅದರ ಮೇಲೆ ತಾರೀಕು ಬರೆದಿಡಿ.

ಸಮಯ ಕಡಿಮೆಯಿರುವುದರಿಂದ ಉಳಿದ ಪ್ರಶ್ನೆಗಳನ್ನು ಒಟ್ಟಿಗೇ ತೆಗೆದುಕೊಳ್ಳುತ್ತೇನೆ. ಗುಲಾಬಿ ಬಣ್ಣದ ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ; ಜೊತೆಗೆ ಅಯೋಡಿನ್ ಸೇರಿಸದ ಸೈಂಧವವನ್ನು ಮಾತ್ರ ಬಳಸುವ ಮನೆಯಲ್ಲಿ, ವಿಶೇಷವಾಗಿ ಗರ್ಭಿಣಿಯರಿಗೆ, ಅಯೋಡಿನ್ ಕೊರತೆ ಆಗಬಹುದು. ಪೊಟ್ಟಣದ ಮೇಲೆ ಸೋಡಿಯಂ ಪ್ರಮಾಣ ಮಾತ್ರ ಬರೆದಿದ್ದರೆ ಎರಡೂವರೆಯಿಂದ ಗುಣಿಸಿ, ಅದು ಉಪ್ಪಿನ ಲೆಕ್ಕ. ಕಡಿಮೆ ಸೋಡಿಯಂನ ಉಪ್ಪು ಕೆಲಸಕ್ಕೆ ಬರುತ್ತದೆಯೇ ಎಂದರೆ, ಬರುತ್ತದೆ: ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ತೊಂದರೆ ಇರುವವರಲ್ಲಿ ಮತ್ತು ಬಿ.ಪಿ.ಯ ಕೆಲವು ಮಾತ್ರೆಗಳನ್ನು ನುಂಗುವವರಲ್ಲಿ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಅಂಥವರು ವೈದ್ಯರನ್ನು ಕೇಳದೆ ಆ ಪ್ಯಾಕೆಟ್ಟನ್ನು ಅಡುಗೆಮನೆಗೆ ತರಲೇಬಾರದು.