18-55 ಇದೆ, 55-250 ಇದೆ: ಮೂರನೇ ಲೆನ್ಸ್ ಯಾವ್ದು?

[ಪರದೆಯಲ್ಲಿ: ಮೇಜಿನ ಮೇಲೆ ಒಂದು ಕ್ರಾಪ್ ಸೆನ್ಸರ್ ಕ್ಯಾಮೆರಾ, ಪಕ್ಕದಲ್ಲಿ ಎರಡು ಕಿಟ್ ಲೆನ್ಸ್]

ನಮಸ್ಕಾರ. ಕ್ಯಾಮೆರಾ ಜೊತೆ 18-55 ಎಂಎಂ ಲೆನ್ಸ್ ಬಂತು (ಎಂಎಂ ಚಿಕ್ಕದಿದ್ರೆ ಅಗಲದ ನೋಟ, ದೊಡ್ಡದಿದ್ರೆ ದೂರದ್ದು ಹತ್ತಿರ ಕಾಣುತ್ತೆ). ಡಬಲ್ ಕಿಟ್ ಆಫರ್‌ನಲ್ಲಿ 55-250 ಕೂಡ ಬಂತು. ಈಗ ಕೈಯಲ್ಲಿ ಒಂದಿಷ್ಟು ದುಡ್ಡು ಕೂಡಿದೆ, ಇನ್ನೊಂದು ಲೆನ್ಸ್ ತಗೋಬೇಕು. ಯಾವ್ದು?

ಈ ಪ್ರಶ್ನೆ ಕೇಳೋರು ಸಾಮಾನ್ಯವಾಗಿ ಒಂದು ಲೆಕ್ಕ ಹಾಕ್ಕೊಂಡೇ ಬಂದಿರ್ತಾರೆ. 18ರಿಂದ 250ರ ತನಕ ಆಯ್ತು, ಅದಕ್ಕಿಂತ ಕೆಳಗಿನದ್ದು ಒಂದು, ಮೇಲಿನದ್ದು ಒಂದು ಬಂದ್ಬಿಟ್ರೆ ಸೆಟ್ ಪೂರ್ತಿ ಅಂತ. ಕೆಲವರಿಗಂತೂ 18-55, 70-300 ಇಟ್ಕೊಂಡು ನಡುವಿನ 55ರಿಂದ 70ರ ಚಿಂತೆ. ಅದು ಎರಡು ಹೆಜ್ಜೆ ಮುಂದೆ ಹೋದ್ರೆ ಮುಗಿಯೋ ವಿಷಯ, ಬಿಡಿ. ಈ ಎರಡು ಲೆನ್ಸ್ ಇರೋರಿಗೆ ನಿಜವಾಗಿ ಸಾಲದೇ ಬರೋದು ಬೆಳಕು. ಯಾಕೆ ಅಂತ ಹೇಳ್ತೀನಿ, ಅದಕ್ಕೂ ಮುಂಚೆ ಒಂದು ಕೆಲಸ ಇದೆ.

[ಪರದೆಯಲ್ಲಿ: ಕಂಪ್ಯೂಟರ್‌ನಲ್ಲಿ ಫೋಟೋ ಫೋಲ್ಡರ್, ಒಂದು ಫೈಲ್‌ನ ವಿವರ]

ಅಂಗಡಿಗೆ ಹೋಗೋ ಮೊದಲು ಕಂಪ್ಯೂಟರ್ ಆನ್ ಮಾಡಿ. ನೀವು ತೆಗೆದ ಪ್ರತಿ ಫೋಟೋ ಒಳಗೆ ಎಷ್ಟು ಎಂಎಂ, ಯಾವ ಅಪರ್ಚರ್ (ಲೆನ್ಸ್ ಒಳಗಿನ ಕಿಂಡಿ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ), ಶಟರ್ ಸ್ಪೀಡ್ ಎಷ್ಟು, ಐಎಸ್ಒ (ಸಿಕ್ಕ ಬೆಳಕನ್ನ ಕ್ಯಾಮೆರಾ ಎಷ್ಟು ಹಿಗ್ಗಿಸಿದೆ ಅನ್ನೋ ಅಂಕಿ) ಎಷ್ಟು, ಎಲ್ಲಾ ದಾಖಲಾಗಿರುತ್ತೆ. ಲೈಟ್‌ರೂಮ್ ಇದ್ರೆ ಲೈಬ್ರರಿಯಲ್ಲಿ ಮೆಟಾಡೇಟಾ ಫಿಲ್ಟರ್ ಹಾಕಿ. ಇಲ್ದಿದ್ರೆ ಡಿಜಿಕ್ಯಾಮ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದೂ ಬೇಡ ಅಂದ್ರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದ್ರೂ ಸಾಕು.

ಚೆನ್ನಾಗಿ ಬಂದ ಫೋಟೋ ಮಾತ್ರ ನೋಡ್ಬೇಡಿ. ಹಾಳಾದವುಗಳನ್ನ ನೋಡಿ, ಬಾಯಿ ಬಿಡೋದು ಅವೇ. 18ಕ್ಕೆ ಗುದ್ದಿ ನಿಂತವು ಎಷ್ಟಿವೆ? 250ಕ್ಕೆ ಗುದ್ದಿದ ಮೇಲೂ ಸಾಲದೆ ಕ್ರಾಪ್ ಮಾಡಿದವು ಎಷ್ಟು? ಐಎಸ್ಒ 6400ಕ್ಕೆ ಏರಿದ್ದು, ಶಟರ್ 1/30ಕ್ಕಿಂತ ಕೆಳಗೆ ಇಳಿದದ್ದು ಎಷ್ಟು? ಇನ್ನೊಂದು ವಿಷಯ: ತೆಗೆಯೋಕೆ ಆಗದೇ ಬಿಟ್ಟ ಫೋಟೋ ಯಾವ ಫೋಲ್ಡರ್‌ನಲ್ಲೂ ಸಿಗಲ್ಲ. ಸಂಜೆ ಆದ್ಮೇಲೆ ಕ್ಯಾಮೆರಾ ಬ್ಯಾಗಿಗೆ ಸೇರಿಸಿಬಿಡೋ ಅಭ್ಯಾಸ ಇದ್ಯಾ? ಹಾಗಾದ್ರೆ ಉತ್ತರ ಸಿಕ್ಕ ಹಾಗೇ.

[ಪರದೆಯಲ್ಲಿ: ರಾತ್ರಿ ಯಕ್ಷಗಾನದ ರಂಗಸ್ಥಳ, ಮುಖ ಮಸುಕಾದ ವೇಷಧಾರಿಯ ಫೋಟೋ]

ಈ ಫೋಟೋ ನೋಡಿ. ಕಿರೀಟ ಎರಡೆರಡು ಕಾಣ್ತಿದೆ, ಕಣ್ಣಿನ ಕಾಡಿಗೆ ಕೆನ್ನೆ ತನಕ ಎಳೆದ ಹಾಗಿದೆ. ಫೋಕಸ್ ತಪ್ಪಿಲ್ಲ, ಕೆಳಗಿನ ಹಲಗೆ ಸರಿಯಾಗೇ ಇದೆ. ವಿವರ ಓದಿ: 18-55 ಲೆನ್ಸ್, 50 ಎಂಎಂ, ಎಫ್ 5.6, ಐಎಸ್ಒ 3200, ಶಟರ್ 1/20. ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ವೇಷಧಾರಿ ತಲೆ ತಿರುಗಿಸಿದ್ದಾರೆ, ಅಷ್ಟೇ. ಲೆನ್ಸ್‌ನಲ್ಲಿ ಸ್ಟೆಬಿಲೈಸರ್ ಇತ್ತಲ್ಲ ಅಂತೀರಾ? ಸ್ಟೆಬಿಲೈಸರ್ ನಿಮ್ಮ ಕೈ ನಡುಕ ತಡೆಯುತ್ತೆ, ಎದುರಿಗೆ ಕುಣಿಯೋರನ್ನ ನಿಲ್ಲಿಸಲ್ಲ.

ಈಗ ಅದೇ ಜಾಗ, ಅದೇ ಬೆಳಕು, ಅದೇ ಐಎಸ್ಒ ಇಟ್ಕೊಂಡು 50 ಎಂಎಂ ಎಫ್ 1.8 ಹಾಕಿ. 5.6ನ್ನ 1.8ರಿಂದ ಭಾಗಿಸಿ, ಬಂದದ್ದನ್ನ ಅದರಿಂದಲೇ ಗುಣಿಸಿ: 9.7 ಬರುತ್ತೆ. ಅಂದ್ರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. 1/20 ಇದ್ದದ್ದು 1/200ರ ಆಸುಪಾಸಿಗೆ ಬಂತು. ಮಾತುಗಾರಿಕೆ ನಡೆಯುವಾಗ, ಹುಬ್ಬು ಹಾರಿಸುವಾಗ ಮುಖ ನಿಮಗೆ ಸಿಗುತ್ತೆ. ಧೀಂಗಿಣ (ಸುತ್ತುತ್ತಾ ಹಾರೋ ಕುಣಿತ) ಹಾಕೋಕೆ ಶುರು ಮಾಡಿದ್ರೆ 1/500 ಬೇಕಾಗುತ್ತೆ, ಐಎಸ್ಒ 8000ದ ಹತ್ತಿರಕ್ಕೆ ಏರಿಸ್ಕೊಳ್ಳಿ. ಕ್ಯಾಮೆರಾ ಬಾಡಿ ಬದಲಾಯಿಸಿದ್ರೂ ಹತ್ತು ಪಟ್ಟಿನ ವ್ಯತ್ಯಾಸ ಸುಲಭಕ್ಕೆ ಸಿಗಲ್ಲ. ಇದು ಕ್ಯಾನನ್, ನಿಕಾನ್ ಎರಡರಲ್ಲೂ ಅತಿ ಕಡಿಮೆ ಬೆಲೆಯ ಲೆನ್ಸ್‌ಗಳ ಸಾಲಿಗೆ ಸೇರಿದ್ದು. ಕ್ಯಾನನ್ನಿನ 50 ಎಸ್‌ಟಿಎಂ ತೂಕ 160 ಗ್ರಾಂ, ಜೇಬಲ್ಲಿಟ್ಟರೂ ಗೊತ್ತಾಗಲ್ಲ.

ಬೆಲೆ ಇನ್ನೊಂದು ಕಡೆ ಕೊಡ್ತೀರಿ. ಎಫ್ 1.8ರಲ್ಲಿ ಒಂದೂವರೆ ಮೀಟರ್ ದೂರದ ಮುಖ ತೆಗೆದ್ರೆ ಸ್ಪಷ್ಟವಾಗಿ ಬರೋದು ಹಿಂದೆ ಮುಂದೆ ಸೇರಿ ಸುಮಾರು ಆರು ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಇಟ್ರೆ ಕಿವಿ ಮಸುಕು. ರಂಗಸ್ಥಳದಿಂದ ಐದು ಮೀಟರ್ ದೂರ ಕೂತಿದ್ರೆ ಅದೇ ಅಪರ್ಚರ್‌ನಲ್ಲಿ ಮುಕ್ಕಾಲು ಮೀಟರ್ ಹತ್ತಿರ ಸಿಗುತ್ತೆ, ತಲೆಬಿಸಿ ಇಲ್ಲ.

[ಪರದೆಯಲ್ಲಿ: ಮನೆಯ ನಡುಮನೆ, ಗೋಡೆಗೆ ಒರಗಿ ನಿಂತು ಫೋಟೋ ತೆಗೆಯುತ್ತಿರುವವರು]

ಹಾಗಂತ ಎಲ್ಲರೂ ಕಣ್ಣು ಮುಚ್ಕೊಂಡು 50 ತಗೊಳ್ಳಿ ಅಂತ ನಾನು ಹೇಳಲ್ಲ. ಯೂಟ್ಯೂಬ್‌ನಲ್ಲಿ ಎಲ್ಲರೂ ಹೇಳ್ತಾರೆ, ನಿಜ. ಆದ್ರೆ ನಮ್ಮ ಕ್ಯಾಮೆರಾದ ಚಿಕ್ಕ ಸೆನ್ಸರ್, ಅಂದ್ರೆ ಕ್ರಾಪ್ ಸೆನ್ಸರ್ ಮೇಲೆ 50 ಅಂದ್ರೆ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮಿನ 75-80 ಎಂಎಂ ನೋಟ. ನಿಂತಿರೋ ಮನುಷ್ಯರನ್ನ ತಲೆಯಿಂದ ಕಾಲಿನ ತನಕ ತೆಗೀಬೇಕು ಅಂದ್ರೆ ಕ್ಯಾಮೆರಾ ಉದ್ದಕ್ಕೆ ಹಿಡಿದ್ರೂ ಹನ್ನೆರಡು-ಹದಿಮೂರು ಅಡಿ ಹಿಂದೆ ಹೋಗ್ಬೇಕು. ನಮ್ಮ ಮನೆಗಳ ರೂಮಲ್ಲಿ ಅಷ್ಟು ಹಿಂದೆ ಹೋದ್ರೆ ಗೋಡೆ ಸಿಗುತ್ತೆ. ಮಗು, ನಾಮಕರಣ, ಹಬ್ಬ, ಅಡುಗೆಮನೆ, ಇವೇ ನಿಮ್ಮ ವಿಷಯ ಆದ್ರೆ 35 ಎಂಎಂ ಎಫ್ 1.8 ತಗೊಳ್ಳಿ, ಎಂಟೊಂಬತ್ತು ಅಡಿಯಲ್ಲಿ ಕೆಲಸ ಮುಗಿಯುತ್ತೆ. ನಿಕಾನ್ ಡಿಎಕ್ಸ್, ಅಂದ್ರೆ ನಿಕಾನ್ ಕ್ರಾಪ್ ಸೆನ್ಸರ್‌ನವರಿಗೆ 35 ಎಫ್ 1.8 ಜಿ ಇದೆ. ಸೋನಿ, ಫ್ಯೂಜಿಯವರಿಗೆ ಸಿಗ್ಮಾ 30 ಎಫ್ 1.4 ಇದೆ. ಯಾವ್ದು ಸರಿ ಅಂತ ತಿಳ್ಕೊಳ್ಳೋಕೆ ದುಡ್ಡು ಖರ್ಚಿಲ್ಲ: 18-55ನ್ನ 35ಕ್ಕೆ ಇಟ್ಟು ಅಲುಗದ ಹಾಗೆ ಟೇಪ್ ಅಂಟಿಸಿ ಒಂದು ವಾರ ಓಡಾಡಿ, ಆಮೇಲೆ 50ಕ್ಕೆ ಇಟ್ಟು ಒಂದು ವಾರ.

ಮದುವೆ ಫೋಟೋ ತೆಗೆಯೋರಿಗೆ ಮಾತ್ರ ಈ ಪ್ರೈಮ್ (ಝೂಮ್ ಇಲ್ಲದ) ಲೆನ್ಸ್ ಸಲಹೆ ಕೊಡಲ್ಲ. ಒಂದೇ ಬಾಡಿ ಇಟ್ಕೊಂಡು ಲೆನ್ಸ್ ಬದಲಾಯಿಸ್ತಾ ಕೂತ್ರೆ ಅಷ್ಟರಲ್ಲಿ ಗಟ್ಟಿಮೇಳ ಮುಗಿದು ಅಕ್ಷತೆ ಬಿದ್ದಿರುತ್ತೆ. ಅವರು 18-55ನ್ನೇ ಮಾರಿ ಸಿಗ್ಮಾ ಅಥವಾ ಟ್ಯಾಮ್ರಾನ್ 17-50 ಎಫ್ 2.8 ಸೆಕೆಂಡ್ ಹ್ಯಾಂಡ್ ಹುಡುಕಲಿ. 5.6ಕ್ಕೆ ಹೋಲಿಸಿದ್ರೆ ನಾಲ್ಕು ಪಟ್ಟು ಬೆಳಕು, ಝೂಮ್ ಕೂಡ ಉಳೀತು.

[ಪರದೆಯಲ್ಲಿ: ಬೇಲೂರು ಚೆನ್ನಕೇಶವ ದೇವಾಲಯ, ಸೂರಿನ ಕೆಳಗಿನ ಮದನಿಕೆಯರು]

ಇನ್ನು ದೇವಸ್ಥಾನ, ಶಿಲ್ಪ. ಬೇಲೂರಿಗೆ ಹೋಗ್ತೀನಿ, ವೈಡ್ ಲೆನ್ಸ್ ಬೇಕು ಅಂತ ತುಂಬಾ ಜನ ಹೇಳ್ತಾರೆ. ಸ್ವಲ್ಪ ನಿಲ್ಲಿ. ಬೇಲೂರಿನ ಮದನಿಕೆಯರು ಇರೋದು ಎಲ್ಲಿ? ಕಂಬದ ತುದಿಯಲ್ಲಿ, ಸೂರಿಗೆ ಆನಿಸಿಕೊಂಡು, ನಿಮ್ಮ ತಲೆಗಿಂತ ಎಷ್ಟೋ ಮೇಲೆ. ಕೆಳಗೆ ನಿಂತು ವೈಡ್‌ನಲ್ಲಿ ತೆಗೆದ್ರೆ ದರ್ಪಣ ಸುಂದರಿಯ ಕಾಲು ದೊಡ್ಡದು, ಮುಖ ಚಿಕ್ಕದು, ಕನ್ನಡಿ ಕಾಣೋದೇ ಇಲ್ಲ. ಜಗತಿಯ (ದೇವಸ್ಥಾನ ನಿಂತಿರೋ ಎತ್ತರದ ಕಟ್ಟೆಯ) ಅಂಚಿನ ತನಕ ಹಿಂದೆ ಹೋಗಿ ನಿಮ್ಮ ಹತ್ರ ಈಗಾಗ್ಲೇ ಇರೋ 55-250 ಹಾಕಿ. ದೂರ ಹೋದಷ್ಟೂ ನೋಡೋ ಕೋನ ಓರೆಯಾಗೋದು ಕಡಿಮೆ, ಶಿಲ್ಪದ ಅಳತೆ ಶಿಲ್ಪಿ ಕೆತ್ತಿದ ಹಾಗೆ ಬರುತ್ತೆ. ಒಳಗೆ ನವರಂಗದಲ್ಲಿ ಕತ್ತಲು, ಟ್ರೈಪಾಡ್ ಬಳಸೋಕೆ ಪುರಾತತ್ವ ಇಲಾಖೆ ಅನುಮತಿ ಬೇಕು. ಅಲ್ಲಿ ಮತ್ತೆ ಅದೇ ಎಫ್ 1.8 ಕೈಗೆ ಬರುತ್ತೆ.

ವೈಡ್ ಬೇಡವೇ ಬೇಡ ಅಂತಲ್ಲ. ಕೆಳಗಿನ ತುದಿಯಲ್ಲಿ ಒಂದೊಂದು ಎಂಎಂಗೂ ಬೆಲೆ ಇದೆ. ಕ್ಯಾನನ್ ಕ್ರಾಪ್‌ನಲ್ಲಿ 18 ಎಂಎಂಗೆ ಅಡ್ಡಡ್ಡ ಸುಮಾರು 64 ಡಿಗ್ರಿ ಕಂಡ್ರೆ 10 ಎಂಎಂಗೆ 96 ಡಿಗ್ರಿ. ಎಂಟೇ ಎಂಎಂ ವ್ಯತ್ಯಾಸ! 250ರ ಹತ್ರ ಎಂಟು ಎಂಎಂ ಆಚೀಚೆ ಆದ್ರೆ ಗೊತ್ತೇ ಆಗಲ್ಲ. ಆದ್ರೆ ಹಂಪಿಯ ಮಾತಂಗ ಬೆಟ್ಟದ ಮೇಲೆ ನಿಂತು 10 ಎಂಎಂ ಹಾಕಿದ್ರೆ ವಿರೂಪಾಕ್ಷನ ಗೋಪುರ ಬೆರಳುದ್ದ ಆಗಿ, ಚೌಕಟ್ಟಿನ ತುಂಬ ಆಕಾಶ, ಬಂಡೆ. ಕಾಲ ಬುಡದಲ್ಲೇ ಏನಾದ್ರೂ ಚಂದದ್ದು ಇದ್ರೆ ಮಾತ್ರ ವೈಡ್ ಲೆನ್ಸ್ ಕೆಲಸಕ್ಕೆ ಬರುತ್ತೆ. ಬರೀ ದೃಶ್ಯಕ್ಕಾದ್ರೆ 18-55ರಲ್ಲಿ ಉದ್ದುದ್ದ ನಾಲ್ಕೈದು ಫೋಟೋ ತೆಗೆದು ಜೋಡಿಸಿ. ನನ್ನ ಪಟ್ಟಿಯಲ್ಲಿ ವೈಡ್ ಕೊನೆಗೆ.

[ಪರದೆಯಲ್ಲಿ: ರಂಗನತಿಟ್ಟಿನ ದೋಣಿ, ಬಂಡೆ ಮೇಲಿನ ಹಕ್ಕಿಗಳು]

ಹಕ್ಕಿ ಹುಚ್ಚು ಹಿಡಿದವರಿಗೆ ಕಹಿ ಮಾತು. 250ರಿಂದ 300ಕ್ಕೆ ಹೋಗೋಕೆ ದುಡ್ಡು ಹಾಕ್ಬೇಡಿ. ಹಕ್ಕಿ ಬರೀ 1.2 ಪಟ್ಟು ದೊಡ್ಡದಾಗುತ್ತೆ, ಕ್ರಾಪ್ ಮಾಡಿದ್ರೆ ಅಷ್ಟು ಸಿಕ್ಕೇ ಸಿಗುತ್ತೆ. 600 ಆದ್ರೆ 2.4 ಪಟ್ಟು, ಅದು ವ್ಯತ್ಯಾಸ. ಆದ್ರೆ ಸಿಗ್ಮಾ 150-600 ಕಂಟೆಂಪರರಿ ಹತ್ತಿರ ಹತ್ತಿರ ಎರಡು ಕೆಜಿ, ಬೆಲೆ ನಿಮ್ಮ ಇಡೀ ಕಿಟ್ ಮೀರಿಸುತ್ತೆ. ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಹತ್ತಿರಕ್ಕೇ ಹೋಗುತ್ತೆ, ಅಲ್ಲಿ 250 ಸಾಕು. ಕಬಿನಿ ಸಫಾರಿಗೆ ವರ್ಷಕ್ಕೊಂದು ಸಲ ಹೋಗೋರು ಬೆಂಗಳೂರಲ್ಲಿ ಬಾಡಿಗೆಗೆ ತಗೊಂಡು ಹೋಗಿ. ವಾರಾ ವಾರ ಕೆರೆ ಸುತ್ತೋ ಜನ ಮಾತ್ರ ಕೊಂಡ್ಕೊಳ್ಳಲಿ.

[ಪರದೆಯಲ್ಲಿ: ಒಂದು ರೂಪಾಯಿ ನಾಣ್ಯ, ಪಕ್ಕದಲ್ಲಿ ಎಕ್ಸ್‌ಟೆನ್ಷನ್ ಟ್ಯೂಬ್‌ಗಳು]

ಮ್ಯಾಕ್ರೋ ವಿಷಯ ನನಗೆ ಇಷ್ಟ, ಯಾಕಂದ್ರೆ ಇಲ್ಲಿ ಕಡಿಮೆ ದುಡ್ಡಲ್ಲಿ ತುಂಬಾ ಆಟ ಆಡ್ಬಹುದು. ನಿಜವಾದ ಮ್ಯಾಕ್ರೋ ಅಂದ್ರೆ ವಸ್ತು ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳ್ಬೇಕು. ಒಂದು ರೂಪಾಯಿ ನಾಣ್ಯ ಸುಮಾರು ಎರಡು ಸೆಂಟಿಮೀಟರ್, ಸೆನ್ಸರ್ ಅಗಲ ಎರಡೂ ಕಾಲು. ಅಂದ್ರೆ ನಾಣ್ಯ ಚೌಕಟ್ಟಿನ ಆ ತುದಿಯಿಂದ ಈ ತುದಿಗೆ ಬಂತು ಅಂದ್ರೆ ಅದು ಮ್ಯಾಕ್ರೋ. 50 ಎಂಎಂ ತಾನಾಗೇ ಐದರಲ್ಲಿ ಒಂದು ಪಾಲು ಗಾತ್ರ ಕೊಡುತ್ತೆ. ಅದಕ್ಕೂ ಬಾಡಿಗೂ ನಡುವೆ 36 ಎಂಎಂ ಟ್ಯೂಬ್ ಸಿಕ್ಕಿಸಿ: 36ನ್ನ 50ರಿಂದ ಭಾಗಿಸಿದ್ರೆ 0.7, ಅದು ಸೇರಿದ್ರೆ ಸುಮಾರು ನಿಜ ಗಾತ್ರ ಬಂದೇ ಬಿಡ್ತು. ಟ್ಯೂಬ್ ಒಳಗೆ ಗಾಜೇ ಇಲ್ಲ, ಬರೀ ಖಾಲಿ ಜಾಗ. ತಗೊಳ್ಳುವಾಗ ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಇದ್ಯಾ ನೋಡಿ, ಇಲ್ಲದಿದ್ರೆ ಕ್ಯಾಮೆರಾದಿಂದ ಅಪರ್ಚರ್ ಬದಲಾಯಿಸೋಕೆ ಆಗಲ್ಲ. ಟ್ಯೂಬ್ ಹಾಕಿದಾಗ ದೂರದ್ದು ಫೋಕಸ್ ಆಗಲ್ಲ, ಹುಳದ ಮೂಗಿಗೇ ಹೋಗ್ಬೇಕು. ಆಗುಂಬೆಯಲ್ಲಿ ಮಳೆಗಾಲಕ್ಕೆ ಕಪ್ಪೆ ತೆಗೆಯೋಕೆ ಇದು ಸರಿ, ಮಂಡಲದ ಹಾವಿಗೆ ದಯವಿಟ್ಟು ಈ ಪ್ರಯೋಗ ಬೇಡ. ಅದಕ್ಕೆ 55-250 ಹಾಕಿ ದೂರದಲ್ಲೇ ನಿಲ್ಲಿ.

[ಪರದೆಯಲ್ಲಿ: ಲೆನ್ಸ್ ಒಳಗೆ ಟಾರ್ಚ್ ಬೆಳಕು ಬಿಟ್ಟು ನೋಡುವುದು]

ದುಡ್ಡು ಕೊಡೋ ಮುಂಚೆ ಎರಡು ವಿಷಯ. ನಿಕಾನ್ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಗ್ತು ಅಂತ 50 ಎಫ್ 1.8 ಡಿ ತಂದ್ರೆ ಕೈಯಲ್ಲೇ ಫೋಕಸ್ ತಿರುಗಿಸ್ತಾ ಇರ್ಬೇಕು, ಜಿ ಅಂತ ಬರೆದಿರೋದನ್ನೇ ಕೇಳಿ. ಮಿರರ್‌ಲೆಸ್‌ಗೆ ಹೋದ ನಿಕಾನ್‌ನವರ ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಮೋಟಾರ್ ಇಲ್ಲ, ಅಲ್ಲೂ ಇದೇ ಕಥೆ. ಕ್ಯಾನನ್ ಆರ್ (ಮಿರರ್‌ಲೆಸ್) ಬಾಡಿಗೆ ಹಳೇ ಇಎಫ್ (ಡಿಎಸ್ಎಲ್ಆರ್) ಲೆನ್ಸನ್ನ ಅಡಾಪ್ಟರ್ ಮೂಲಕ ಹಾಕಿದ್ರೆ ಆಟೋಫೋಕಸ್ ಚೆನ್ನಾಗೇ ನಡೆಯುತ್ತೆ.

ಎರಡನೇದು, ಸೆಕೆಂಡ್ ಹ್ಯಾಂಡ್. ಮಲೆನಾಡು, ಕರಾವಳಿಯಲ್ಲಿ ಇದ್ದ ಲೆನ್ಸ್ ಆದ್ರೆ ಫಂಗಸ್ ಭಯ. ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕೆ ಇದ್ರೆ ಪರವಾಗಿಲ್ಲ, ಕವಲೊಡೆದ ನೂಲಿನೆಳೆ ಕಂಡ್ರೆ ವಾಪಸ್ ಕೊಡಿ. ಆಮೇಲೆ ನಿಮ್ಮ ಬಾಡಿಗೇ ಹಾಕಿ ಎದುರಿನ ಇಟ್ಟಿಗೆ ಗೋಡೆ ಅಥವಾ ಅಂಗಡಿ ಬೋರ್ಡನ್ನ ನೇರವಾಗಿ ನಿಂತು, ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೋ ತೆಗೆದು, ನಾಲ್ಕೂ ಮೂಲೆ ಝೂಮ್ ಮಾಡಿ ನೋಡಿ. ನಾಲ್ಕೂ ಕಡೆ ಸ್ವಲ್ಪ ಮೃದು ಇದ್ರೆ ಆ ಲೆನ್ಸ್ ಸ್ವಭಾವ ಅಷ್ಟೇ. ಒಂದೇ ಬದಿ ಮಸುಕಾಗಿದ್ರೆ ಅದು ಬಿದ್ದ ಲೆನ್ಸ್ ಇರ್ಬಹುದು, ಒಳಗಿನ ಗಾಜು ಜಾಗ ಬಿಟ್ಟಿರುತ್ತೆ. ಮಾರೋರು ಎಷ್ಟೇ ಕಡಿಮೆ ಮಾಡಿದ್ರೂ ಅದನ್ನ ಅಲ್ಲೇ ಬಿಟ್ಟು ಬನ್ನಿ.